ಏಳನೇ ಕೋನ್ ದಾಟುವ ತನಕ

ಆರು ಕೋನ್ ದಾಟುತ್ತಿದ್ದೆ. ಏಳನೆಯದರ ಹತ್ತಿರ ಬರುವಷ್ಟರಲ್ಲಿ ಸ್ಕೇಟ್‌ಬೋರ್ಡ್ ದಣಿದ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಒಂದೆರಡು ದಿನ ಅಲ್ಲ, ಒಂದೂವರೆ ತಿಂಗಳು ಹೀಗೇ ಆಯಿತು. ಬೆಳಿಗ್ಗೆ ಐದೂವರೆಗೆ ಎದ್ದು, ಹೆಲ್ಮೆಟ್ ಹಾಕಿ, ಮೊಣಕಾಲಿಗೆ ಪ್ಯಾಡ್ ಬಿಗಿದು, ಮಣಿಕಟ್ಟಿಗೆ ಗಾರ್ಡ್ ಸಿಕ್ಕಿಸಿ ರಸ್ತೆಗೆ ಇಳಿಯುವುದು. ಆರು ಕೋನ್ ದಾಟುವುದು, ನಿಲ್ಲುವುದು. ಮತ್ತೆ ಮೊದಲಿಂದ.

ಸ್ಲಾಲಮ್ ಅಂದರೆ ಸಾಲಾಗಿ ಇಟ್ಟ ಕೋನ್‌ಗಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನ ಹಾಗೆ ಹೊರಳುತ್ತಾ ಸ್ಕೇಟ್‌ಬೋರ್ಡ್ ಓಡಿಸುವುದು. ಇಳಿಜಾರಾದರೆ ನೆಲವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಸಮತಟ್ಟು ನೆಲದಲ್ಲಿ ಆ ಸಹಾಯ ಇಲ್ಲ. ಶುರುವಿಗೆ ಮೂರು ನಾಲ್ಕು ಸಲ ಕಾಲಲ್ಲಿ ತಳ್ಳಬಹುದು. ಮೊದಲ ಕೋನ್ ಬಂದ ಮೇಲೆ ಎರಡೂ ಕಾಲು ಬೋರ್ಡಿನ ಮೇಲೇ ಇರಬೇಕು. ಅಲ್ಲಿಂದ ಮುಂದೆ ವೇಗ ಹುಟ್ಟಬೇಕಾದ್ದು ನಮ್ಮ ಮೈಯಿಂದ. ಮೊಣಕಾಲು ಮಡಿಸಿ, ಬಿಚ್ಚಿ, ಸೊಂಟ ತಿರುಗಿಸಿ ಬೋರ್ಡನ್ನು ಮುಂದೆ ಓಡಿಸುವ ಈ ಕೆಲಸಕ್ಕೆ ಪಂಪಿಂಗ್ ಅನ್ನುತ್ತಾರೆ. ಇದು ಬಂದವರನ್ನು ನೋಡಿದರೆ ಮೋಟಾರ್ ಇದೆಯೇನೋ ಅನ್ನಿಸುತ್ತದೆ. ನನಗೆ ಈ ಹುಚ್ಚು ಹಿಡಿದಿದ್ದು ಅದನ್ನು ನೋಡಿಯೇ.

ನನ್ನ ಜಾಗ ಕೆಂಗೇರಿ ಆಚೆ, ಸೈಟ್ ಮಾರಿ ಮನೆ ಇನ್ನೂ ಏಳದ ಒಂದು ಲೇಔಟ್. ಡಾಂಬರು ಹೊಸದು, ನುಣುಪಾಗಿದೆ. ಆ ಹೊತ್ತಿಗೆ ಅಲ್ಲಿ ಓಡಾಡುವುದು ಹಾಲಿನ ಗಾಡಿ ಮತ್ತು ನಾಯಿಗಳು ಮಾತ್ರ. ಇಪ್ಪತ್ತು ಪುಟ್ಟ ಪ್ಲಾಸ್ಟಿಕ್ ಕೋನ್ ತಂದಿದ್ದೆ. ಟೇಪ್ ಹಿಡಿದು 7 ಅಡಿಗೆ ಒಂದರಂತೆ ಇಟ್ಟರೆ ಮೊದಲನೆಯದರಿಂದ ಕೊನೆಯದಕ್ಕೆ ಸುಮಾರು 40 ಮೀಟರ್. ಸ್ಪರ್ಧೆಯ ಟೈಟ್ ಸ್ಲಾಲಮ್‌ನಲ್ಲಿ ಕೋನ್‌ಗಳು ಇನ್ನೂ ಹತ್ತಿರ ಇರುತ್ತವೆ. ಆದರೆ ಸಮತಟ್ಟಿನಲ್ಲಿ ಹೊಸದಾಗಿ ಕಲಿಯುವವರಿಗೆ 7 ಅಡಿ, 8 ಅಡಿ ಒಳ್ಳೆಯ ಅಳತೆ. ಅದಕ್ಕಿಂತ ಹತ್ತಿರ ಇಟ್ಟರೆ ಮೈ ಹೊರಳಿಸಲು ಸಮಯ ಸಿಗುವುದಿಲ್ಲ. ಜಾಸ್ತಿ ದೂರ ಇಟ್ಟರೆ ಒಂದು ತಿರುವಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವೇಗ ಸತ್ತಿರುತ್ತದೆ.

ಮೊದಲು ನನ್ನ ಬೋರ್ಡಿನ ಮೇಲೆಯೇ ತಪ್ಪು ಹೊರಿಸಿದ್ದೆ. ಅದರಲ್ಲಿ ಅರ್ಧ ನಿಜವೂ ಇತ್ತು. ನನ್ನ ಹತ್ತಿರ ಇದ್ದದ್ದು ಮೆಟ್ಟಿಲು, ಕಂಬಿಗಳ ಮೇಲೆ ಆಡುವವರ ಬೋರ್ಡ್. ಅದರ ಚಕ್ರ 52 ಮಿ.ಮೀ., ಗಡಸುತನ 99ಎ. ಈ ಸಂಖ್ಯೆ ಜಾಸ್ತಿಯಾದಷ್ಟೂ ಚಕ್ರ ಗಟ್ಟಿ ಎಂದರ್ಥ. ಗಟ್ಟಿ ಚಕ್ರ ಡಾಂಬರಿನ ಮೇಲೆ ಕಟಕಟ ಅನ್ನುತ್ತದೆ, ಪಕ್ಕಕ್ಕೆ ಒತ್ತಿದರೆ ಜಾರುತ್ತದೆ. ಪಂಪಿಂಗ್‌ನಲ್ಲಿ ನಾವು ಮಾಡುವುದೇ ಪಕ್ಕಕ್ಕೆ ಒತ್ತುವ ಕೆಲಸ. ಚಕ್ರ ನೆಲ ಕಚ್ಚಿ ಹಿಡಿಯದಿದ್ದರೆ ಒತ್ತಿದ್ದೆಲ್ಲ ವ್ಯರ್ಥ.

ಇದರ ಹಿಂದೆ ಒಂದು ಚಂದದ ಇತಿಹಾಸ ಇದೆ. ಒಂದು ಕಾಲದಲ್ಲಿ ಸ್ಕೇಟ್‌ಬೋರ್ಡಿಗೆ ಕ್ಲೇ ಅನ್ನುವ ಗಟ್ಟಿ ಚಕ್ರ ಇರುತ್ತಿತ್ತು. ಸಣ್ಣ ಕಲ್ಲು ಸಿಕ್ಕಿದರೂ ಬೋರ್ಡ್ ಗಕ್ಕನೆ ನಿಂತು ಸವಾರ ಮುಂದೆ ಬೀಳುತ್ತಿದ್ದ. 1970ರ ದಶಕದ ಶುರುವಿನಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬಾತ ಯುರೆಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನ ಚಕ್ರವನ್ನು ಕ್ಯಾಡಿಲಾಕ್ ವೀಲ್ಸ್ ಹೆಸರಿನಲ್ಲಿ ಮಾರಲು ಶುರು ಮಾಡಿದ. ಅದು ನೆಲ ಹಿಡಿಯುತ್ತಿತ್ತು. 1975ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ದೊಡ್ಡ ಸ್ಪರ್ಧೆ ನಡೆದಾಗ ಸ್ಲಾಲಮ್ ಕೂಡ ಅದರಲ್ಲಿತ್ತು. ಆ ಚಕ್ರ ಬರದೆ ಹೋಗಿದ್ದರೆ ಇವತ್ತು ನಾವು ಮಾಡುವ ಪಂಪಿಂಗ್ ಈ ಮಟ್ಟಕ್ಕೆ ಬರುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬರುವಾಗ 70 ಮಿ.ಮೀ., 78ಎ ಚಕ್ರ ತಂದುಕೊಟ್ಟ. ಖುಷಿಯಲ್ಲಿ ಹಾಕಿಕೊಂಡು ಓಡಿಸಿದೆ. ಎರಡನೇ ತಿರುವಿಗೇ ಬಿದ್ದೆ. ಚಕ್ರ ದೊಡ್ಡದಾಗಿತ್ತು. ಟ್ರಕ್, ಅಂದರೆ ಹಲಗೆಯ ಅಡಿಯಲ್ಲಿ ಮುಂದೊಂದು ಹಿಂದೊಂದು ಇದ್ದು ಚಕ್ರಗಳನ್ನು ಹಿಡಿದು ತಿರುಗಿಸುವ ಲೋಹದ ಭಾಗ, ಸಡಿಲವಾಗಿತ್ತು. ಬೋರ್ಡ್ ವಾಲಿದ ಕೂಡಲೇ ಹಲಗೆಯ ಅಂಚು ಚಕ್ರಕ್ಕೆ ತಾಗಿ ಬ್ರೇಕ್ ಹಾಕಿದ ಹಾಗಾಯಿತು. ಮಣಿಕಟ್ಟಿನ ಗಾರ್ಡ್ ಇದ್ದದ್ದಕ್ಕೆ ಕೈ ಉಳಿಯಿತು. ಮೊಣಕೈ ಮಾತ್ರ ಚೆನ್ನಾಗಿ ತರಚಿತು. ದೊಡ್ಡ ಚಕ್ರ ಹಾಕುವ ಮುಂಚೆ ಹಲಗೆಗೂ ಟ್ರಕ್‌ಗೂ ನಡುವೆ ರಬ್ಬರ್ ತುಂಡು ಇಟ್ಟು ಎತ್ತರ ಮಾಡಿಕೊಳ್ಳಿ. ಆಮೇಲೆ ಒಂದು ಪಕ್ಕಕ್ಕೆ ಪೂರ್ತಿ ಭಾರ ಹಾಕಿ, ಚಕ್ರ ತಾಗುತ್ತದಾ ಅಂತ ನಿಂತಲ್ಲೇ ನೋಡಿ. ಎರಡು ನಿಮಿಷದ ಕೆಲಸ.

ಆ ರಬ್ಬರ್ ತುಂಡಿನದ್ದೇ ಇನ್ನೊಂದು ಕತೆ. ಸ್ಲಾಲಮ್ ಬೋರ್ಡಿನಲ್ಲಿ ಮುಂದಿನ ಟ್ರಕ್ ಜಾಸ್ತಿ ತಿರುಗಬೇಕು, ಹಿಂದಿನದು ಕಡಿಮೆ ತಿರುಗಬೇಕು. ಮುಂದಿನದು ದಾರಿ ತೋರಿಸುತ್ತದೆ, ಹಿಂದಿನದು ನಾವು ಒತ್ತಲು ಗಟ್ಟಿ ಆಸರೆ ಕೊಡುತ್ತದೆ. ಅದಕ್ಕೆಂದೇ ಮಾಡಿದ ಟ್ರಕ್‌ಗಳು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಇಳಿಜಾರು ರಬ್ಬರ್ ಇಟ್ಟು ಸಾಮಾನ್ಯ ಟ್ರಕ್ ಕೂರುವ ಓರೆಯನ್ನೇ ಬದಲಿಸಬಹುದು. ನಮ್ಮ ಸರ್ಕಲ್ಲಿನಲ್ಲಿ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋಗಿ ಚಿತ್ರ ಬರೆದು ತೋರಿಸಿದೆ. ಒಂದು ತುದಿ 14 ಮಿ.ಮೀ., ಇನ್ನೊಂದು 3. ಅವರು ಚಿತ್ರವನ್ನು ಒಮ್ಮೆ ನೋಡಿದರು, ಬೋರ್ಡನ್ನು ತಿರುಗಿಸಿ ಒಮ್ಮೆ ನೋಡಿದರು. ‘ಹೀಲ್ ಚಪ್ಪಲಿಗೆ ಇಡೋ ಥರ ಅಲ್ವಾ ಮೇಡಂ’ ಅಂದರು. ಶೂ ತಳದ ಗಟ್ಟಿ ರಬ್ಬರಿನ ಮೂರು ಪದರ ಅಂಟಿಸಿ, ಸುತ್ತಿಗೆಯಲ್ಲಿ ತಟ್ಟಿ, ಹತ್ತು ನಿಮಿಷ ಪಕ್ಕಕ್ಕೆ ಇಟ್ಟರು. ಆಮೇಲೆ ಅಗಲ ಬಾಯಿಯ ಚಾಕುವಿನಿಂದ ಇಳಿಜಾರಾಗಿ ಹೆರೆದರು. ಪ್ರತಿ ಸಲ ಹೆರೆದಾಗಲೂ ಒಂದು ಕಣ್ಣು ಮುಚ್ಚಿ, ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮನೆಗೆ ತಂದು ಅಳೆದರೆ ಎರಡೂ ತುಂಡು ಒಂದೇ ಅಳತೆ. ಅವರ ಕಣ್ಣಳತೆ ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾರ್ಡ್‌ವೇರ್ ಅಂಗಡಿಯಿಂದ ಉದ್ದದ ಬೋಲ್ಟ್ ತಂದು ಸಿಕ್ಕಿಸಿದೆ. ಮೊದಲು ಮುಂದಿನ ರಬ್ಬರ್ ತುಂಡನ್ನು ಉಲ್ಟಾ ಸಿಕ್ಕಿಸಿದ್ದೆ. ಬೋರ್ಡ್ ಮೊದಲಿಗಿಂತಲೂ ಮೊಂಡಾಯಿತು. ಆಮೇಲೆ ಒಂದು ಗುರುತು ಇಟ್ಟುಕೊಂಡೆ. ದಪ್ಪ ತುದಿ ಎರಡರದ್ದೂ ಹಿಂದಕ್ಕೆ. ಅಂದರೆ ಮುಂದಿನ ತುಂಡಿನ ದಪ್ಪ ಭಾಗ ಬೋರ್ಡಿನ ನಡುವಿನ ಕಡೆಗೆ, ಹಿಂದಿನದರ ದಪ್ಪ ಭಾಗ ಬಾಲದ ಕಡೆಗೆ. ಇಷ್ಟು ನೆನಪಿಟ್ಟರೆ ತಪ್ಪುವುದಿಲ್ಲ. ಟ್ರಕ್ ವಾಲುವಾಗ ಅದುಮಿಕೊಳ್ಳುವ ಒಳಗಿನ ರಬ್ಬರಿನಂಥ ಬಳೆ, ಬುಶಿಂಗ್ ಕೂಡ ಹಾಗೇ, ಮುಂದೆ ಮೆತ್ತಗಿನದು, ಹಿಂದೆ ಗಟ್ಟಿ.

ಬೋರ್ಡ್ ಸರಿಯಾಯಿತು. ಈಗ ಆರು ಕೋನ್ ಆರಾಮಾಗಿ ದಾಟುತ್ತಿದ್ದೆ. ಏಳನೆಯದರಲ್ಲಿ ಮತ್ತೆ ಅದೇ ಕತೆ.

ಒಂದು ದಿನ ಫೋನನ್ನು ಚಪ್ಪಲಿಗೆ ಒರಗಿಸಿಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿದೆ. ನೋಡಿ ಮನಸ್ಸಿಗೆ ಪಿಚ್ಚೆನಿಸಿತು. ಭುಜ ಎಡಕ್ಕೆ ಬಲಕ್ಕೆ ಬೀಸಣಿಗೆ ಥರ ಹೊಡೆದುಕೊಳ್ಳುತ್ತಿತ್ತು. ಕೈ ಗಾಳಿಯಲ್ಲಿ ಈಜುತ್ತಿತ್ತು. ಸೊಂಟದಿಂದ ಕೆಳಗೆ ಏನೂ ನಡೆಯುತ್ತಿರಲಿಲ್ಲ. ಮೊಣಕಾಲು ಶುರುವಿನಲ್ಲಿ ಎಷ್ಟು ಮಡಿಸಿದ್ದೆನೋ ಕೊನೆಯವರೆಗೂ ಅಷ್ಟೇ. ನಾನು ಇಷ್ಟು ದಿನ ಶ್ರಮ ಪಟ್ಟಿದ್ದು ನಿಜ. ಬೆವರು ಸುರಿಸಿದ್ದೂ ನಿಜ. ಆ ಶ್ರಮ ಚಕ್ರದವರೆಗೆ ಇಳಿಯುತ್ತಲೇ ಇರಲಿಲ್ಲ.

ಆಮೇಲೆ ಮೊಣಕಾಲು ಬಳಸಲು ಶುರು ಮಾಡಿದೆ. ಪ್ರತಿ ಕೋನ್‌ಗೂ ಜೋರಾಗಿ ಒತ್ತಿದೆ. ಬೋರ್ಡ್ ಇನ್ನೂ ಬೇಗ ನಿಂತಿತು. ಐದನೇ ಕೋನ್‌ಗೇ.

ಶ್ರಾವಣ ಬಂತು. ಪಂಚಮಿಗೆ ಗದಗದ ಹತ್ತಿರದ ನಮ್ಮ ಊರಿಗೆ ಹೋದೆ. ನಮ್ಮ ಕಡೆ ಪಂಚಮಿ ಅಂದರೆ ಜೋಕಾಲಿ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿನ ಜೊತೆ ಜೋಕಾಲಿ ಇರಲೇಬೇಕು. ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಮಣೆ ಇಟ್ಟು ನಾನೂ ನಿಂತೆ. ಎಷ್ಟೋ ವರ್ಷ ಆಗಿತ್ತು. ಎಷ್ಟು ಒತ್ತಿದರೂ ಜೋಕಾಲಿ ಮೇಲೆ ಹೋಗಲಿಲ್ಲ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

‘ಅವಸರ ಮಾಡಬ್ಯಾಡ ಮಗಳ. ಮ್ಯಾಲ ಹೋದಾಗ ಯಾಕ ಒತ್ತತಿ? ಮ್ಯಾಲ ಹೋದಾಗ ಕುಂದ್ರು, ಕೆಳಗ ಬಂದಾಗ ಏಳು. ಜೀಕೂದಂದ್ರ ಅಷ್ಟ.’

ಮೇಲೆ ಹೋದಾಗ ಕುಕ್ಕರಿಸಿದೆ. ಕೆಳಗೆ, ಹಗ್ಗ ನೇರ ಆಗುವಲ್ಲಿ, ಎದ್ದು ನಿಂತೆ. ಪಾದದ ಕೆಳಗೆ ಮಣೆ ಭಾರವಾಯಿತು. ಏಳುವುದು ಕಷ್ಟ ಅನ್ನಿಸಿದ್ದು ಅಲ್ಲೇ, ವೇಗ ಬಂದದ್ದೂ ಅಲ್ಲೇ. ನಾಲ್ಕೈದು ಸಲಕ್ಕೆ ಬೇವಿನ ಎಲೆ ಮುಖಕ್ಕೆ ತಾಗಿತು.

ಜೀಕು. ಪಂಪಿಂಗ್‌ಗೆ ನಮ್ಮಲ್ಲಿ ಪದ ಮೊದಲೇ ಇತ್ತು. ನಾನು ಅದನ್ನು ಹುಡುಕದೆ ಇಂಗ್ಲಿಷ್ ಪದ ಹಿಡಿದುಕೊಂಡು, ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಸುಮ್ನೆ ಒತ್ತುತ್ತಾ ಇದ್ದೆ. ಜೀಕುವುದರಲ್ಲಿ ಬಲಕ್ಕಿಂತ ಹೊತ್ತು ಮುಖ್ಯ. ಮೈ ಯಾವಾಗ ಭಾರ ಆಗುತ್ತದೋ ಆಗ ಏಳಬೇಕು. ಯಾವಾಗ ಹಗುರ ಆಗುತ್ತದೋ ಆಗ ಮಡಿಸಿಕೊಳ್ಳಬೇಕು.

ಬೆಂಗಳೂರಿಗೆ ಬಂದು ಕೋನ್ ಇಡದೆ, ಖಾಲಿ ರಸ್ತೆಯಲ್ಲಿ ಸುಮ್ಮನೆ ಅಲೆಯಲೆಯಾಗಿ ಹೋದೆ. ಬೋರ್ಡಿನ ಮೇಲೆ ಮೈ ಭಾರ ಆಗುವುದು ತಿರುವಿನ ಹೊಟ್ಟೆಯಲ್ಲಿ, ಅಂದರೆ ಸಾಲಿನಿಂದ ಅತ್ತ ಕಡೆ ತುಂಬಾ ದೂರ ಹೋಗಿ ವಾಪಸ್ ತಿರುಗುವ ಜಾಗದಲ್ಲಿ. ಬಸ್ಸು ತಿರುವಿನಲ್ಲಿ ಹೋಗುವಾಗ ನಾವು ಹೊರಗಡೆಗೆ ವಾಲುತ್ತೇವಲ್ಲ, ಆ ಒತ್ತಡವೇ ಇದು. ಆ ಒತ್ತಡದ ಎದುರು ಕಾಲು ಬಿಚ್ಚಿ ಏಳಬೇಕು. ಆಗ ಕಾಲು ಮಾಡಿದ ಕೆಲಸ ವೇಗವಾಗಿ ಸಿಗುತ್ತದೆ. ಒಂದು ತಿರುವಿನಿಂದ ಇನ್ನೊಂದಕ್ಕೆ ಸಾಲು ದಾಟುವ ಗಳಿಗೆಯಲ್ಲಿ ಮೈ ಹಗುರ. ಅಲ್ಲಿ ಮೊಣಕಾಲು ಮಡಿಸಬೇಕು. ನಾನು ಇಷ್ಟು ದಿನ ಒತ್ತುತ್ತಿದ್ದದ್ದು ಸರಿಯಾಗಿ ಈ ಹಗುರ ಜಾಗದಲ್ಲಿ! ಮೇಲೆ ಹೋದ ಜೋಕಾಲಿಯಲ್ಲಿ ಒತ್ತಿದ ಹಾಗೆ.

ಆದರೆ ಜೋಕಾಲಿ ಅರ್ಧ ಪಾಠ ಮಾತ್ರ. ಜೋಕಾಲಿಯಲ್ಲಿ ಏಳುವುದು ಮೇಲಕ್ಕೆ. ಬೋರ್ಡಿನಲ್ಲಿ ಮೈ ಒಳಗಡೆಗೆ ವಾಲಿರುತ್ತದೆ, ಆದ್ದರಿಂದ ಕಾಲು ಬಿಚ್ಚಿದಾಗ ಚಕ್ರವನ್ನು ಹೊರಗೆ, ಓರೆಯಾಗಿ ತಳ್ಳಿದ ಹಾಗಾಗುತ್ತದೆ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಪುಳಕ್ಕನೆ ಮುಂದೆ ಹಾರುತ್ತದಲ್ಲ, ಹಾಗೆ. ನಾವು ಒತ್ತುವುದು ಪಕ್ಕದಿಂದ, ಅದು ಹೋಗುವುದು ಮುಂದೆ. ಇದು ಹಿಂದಿನ ಕಾಲಿನಲ್ಲಿ ಗೊತ್ತಾಗುತ್ತದೆ. ಸರಿಯಾಗಿ ಒತ್ತಿದಾಗ ಹಿಂದಿನ ಚಕ್ರಗಳು ಒಂದು ಸಣ್ಣ ‘ಝುಂ’ ಸದ್ದು ಮಾಡುತ್ತವೆ, ಬೋರ್ಡ್ ಪಾದದ ಕೆಳಗಿಂದ ಮುಂದೆ ಜಾರಿದ ಹಾಗೆ ಅನ್ನಿಸುತ್ತದೆ. ಆ ಸದ್ದು ಮೊದಲ ಸಲ ಕೇಳಿದ ದಿನ ನಾನು ರಸ್ತೆಯಲ್ಲೇ ಒಬ್ಬಳೇ ಕೂಗಿದ್ದೆ.

ನಿಲ್ಲುವ ರೀತಿಯನ್ನೂ ಬದಲಿಸಿದೆ. ಮೊದಲು ಎರಡೂ ಪಾದ ಅಡ್ಡಡ್ಡ ಇಡುತ್ತಿದ್ದೆ. ಈಗ ಮುಂದಿನ ಪಾದ ಮುಂದಿನ ಬೋಲ್ಟ್‌ಗಳ ಹತ್ತಿರ, ಸುಮಾರು 45 ಡಿಗ್ರಿ ಓರೆಯಾಗಿ. ಹಿಂದಿನ ಪಾದವೂ ಸ್ವಲ್ಪ ಮುಂದಕ್ಕೆ ತಿರುಗಿ, ಹಿಮ್ಮಡಿ ಎತ್ತಿ, ಹಿಂದಿನ ಮೊಣಕಾಲು ಮುಂದಿನ ಮೊಣಕಾಲಿನ ಹಿಂದೆ ಅಡಗಿದ ಹಾಗೆ. ಇದರಿಂದ ಸೊಂಟ ಮುಂದೆ ನೋಡುತ್ತದೆ, ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುತ್ತದೆ. ಭುಜ ಸಾಲಿನ ಕಡೆಗೇ ಇರಬೇಕು. ಕೆಲಸ ಮಾಡಬೇಕಾದ್ದು ಸೊಂಟ, ಮೊಣಕಾಲು, ಪಾದ. ಮೊದಲ ವಾರ ಹಿಂದಿನ ಕಾಲಿನ ಮೀನಖಂಡ ಮೆಟ್ಟಿಲು ಹತ್ತಲೂ ಬಿಡಲಿಲ್ಲ.

ಕೋನ್ ಮತ್ತೆ ಇಟ್ಟೆ. ಹತ್ತು ದಾಟಿದೆ, ಹನ್ನೊಂದು ದಾಟಿದೆ. ಅಲ್ಲಿಂದ ಮುಂದೆ ವೇಗ ಇದ್ದರೂ ಕೋನ್ ಬೀಳಿಸುತ್ತಿದ್ದೆ. ಮತ್ತೆ ವಿಡಿಯೊ. ಈ ಸಲ ತಪ್ಪು ಬೇರೆ ಇತ್ತು. ಮೊದಲ ಕೋನ್‌ನಲ್ಲಿ ನಾನು ಒಂದು ಗೇಣು ತಡ ಮಾಡಿದ್ದೆ. ಎರಡನೆಯದರಲ್ಲಿ ಅದು ಎರಡು ಗೇಣಾಗಿತ್ತು. ಹೀಗೆ ಪ್ರತಿ ಕೋನ್‌ಗೂ ತಡ ಬೆಳೆಯುತ್ತಾ ಹೋಗಿ, ಕೊನೆಗೆ ಕೋನ್ ದಾಟಿದ ಮೇಲೆ ತಿರುಗುವ ಹಾಗಾಗಿತ್ತು. ತಿಂಗಳ ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳಿದ ಲೆಕ್ಕ.

ಸೀಮೆಸುಣ್ಣ ತಂದು, ಪ್ರತಿ ಕೋನ್ ಬರುವುದಕ್ಕೆ ಒಂದು ಅಡಿ ಮೊದಲೇ, ಪಕ್ಕದಲ್ಲಿ ಒಂದು ಗೀಟು ಎಳೆದೆ. ತಿರುವಿನ ಹೊಟ್ಟೆ ಆ ಗೀಟಿನ ಹತ್ತಿರ ಇರಬೇಕು. ಕೋನ್ ಪಕ್ಕಕ್ಕೆ ಬರುವಾಗ ಬೋರ್ಡ್ ಆಗಲೇ ಮುಂದಿನ ಕಡೆಗೆ ಮುಖ ತಿರುಗಿಸಿರಬೇಕು. ಕೋನ್ ನೋಡಿ ತಿರುಗಿದರೆ ತಡವಾಯಿತು ಅಂತಲೇ ಅರ್ಥ. ಇದು ಬಾಯಲ್ಲಿ ಹೇಳುವಷ್ಟು ಸುಲಭ ಅಲ್ಲ. ಕೋನ್ ಇನ್ನೂ ಅಷ್ಟು ದೂರ ಇರುವಾಗ ತಿರುಗಿದರೆ ಅದನ್ನು ಮೆಟ್ಟೇಬಿಡುತ್ತೇನೆ ಅಂತ ಮನಸ್ಸು ಹೆದರುತ್ತದೆ. ಹತ್ತು ಹದಿನೈದು ದಿನ ಬೇಕಾಯಿತು ಆ ಹೆದರಿಕೆ ಬಿಡಲು.

ಕಣ್ಣಿನ ವಿಷಯವೂ ಇದಕ್ಕೇ ಸೇರಿದ್ದು. ಸ್ಕೂಟರ್‌ನಲ್ಲಿ ಹೋಗುವಾಗ ಗುಂಡಿಯನ್ನೇ ನೋಡಿದರೆ ಗುಂಡಿಗೇ ಇಳಿಯುತ್ತೇವೆ. ಇಲ್ಲೂ ಪಕ್ಕದ ಕೋನ್ ನೋಡಿದರೆ ಅದನ್ನೇ ಹೊಡೆಯುತ್ತೇವೆ. ಮುಂದಿನ ಮೂರನೇ ಕೋನ್ ನೋಡುತ್ತಿದ್ದರೆ ಪಾದ ತಾನಾಗಿಯೇ ದಾರಿ ಹುಡುಕಿಕೊಳ್ಳುತ್ತದೆ.

ನಮ್ಮ ಬೀದಿಯ ಒಬ್ಬ ಹುಡುಗ, ಎಂಟನೇ ಕ್ಲಾಸು, ಆ ಹೊತ್ತಿಗೆ ದಿನಾ ಬರಲು ಶುರು ಮಾಡಿದ್ದ. ಬಿದ್ದ ಕೋನ್ ಎತ್ತಿಡುವುದು ಅವನ ಕೆಲಸ. ಸ್ಪರ್ಧೆಯಲ್ಲಾದರೆ ಬಿದ್ದ ಒಂದೊಂದು ಕೋನ್‌ಗೂ ಸಮಯ ಸೇರಿಸುತ್ತಾರೆ ಅಂತ ಹೇಳಿದ್ದೆ. ಅವತ್ತಿನಿಂದ ಅವನು ಗಟ್ಟಿಯಾಗಿ ಲೆಕ್ಕ ಹೇಳುತ್ತಿದ್ದ. ಅಕ್ಟೋಬರ್‌ನ ಒಂದು ಬೆಳಿಗ್ಗೆ, ರಾತ್ರಿ ಮಳೆ ಬಂದು ರಸ್ತೆ ಆಗಷ್ಟೇ ಒಣಗಿತ್ತು. ಮೂರು ಸಲ ತಳ್ಳಿ ಹೊರಟೆ. ಮೊದಲ ಕೋನ್ ಬೇಗ, ಎರಡನೆಯದು ಬೇಗ. ಏಳನೆಯದು ಯಾವಾಗ ಹೋಯಿತು ಗೊತ್ತಾಗಲಿಲ್ಲ. ಹದಿಮೂರು, ಹದಿನಾಲ್ಕರಲ್ಲಿ ವೇಗ ಕಡಿಮೆ ಆಗುವ ಬದಲು ಏರುತ್ತಿತ್ತು. ಝುಂ, ಝುಂ ಅಂತ ಹಿಂದಿನ ಚಕ್ರದ ಸದ್ದು. ಇಪ್ಪತ್ತನೆಯದು ದಾಟಿದ ಮೇಲೂ ಬೋರ್ಡ್ ನಿಲ್ಲಲಿಲ್ಲ. ಖಾಲಿ ರಸ್ತೆಯಲ್ಲಿ ಹಾಗೇ ಜೀಕುತ್ತಾ ತಿರುವಿನ ತನಕ ಹೋಗಿಬಿಟ್ಟೆ. ಹುಡುಗ ಹಿಂದೆ ಓಡಿ ಬಂದ. ‘ಒಂದೂ ಬಿದ್ದಿಲ್ಲ ಅಕ್ಕಾ!’ ಅಂದ. ಅವನ ಫೋನಿನಲ್ಲಿ 14 ಸೆಕೆಂಡ್ ಬಂದಿತ್ತು. ಆಟ ಬಲ್ಲವರಿಗೆ ಅದು ತೀರಾ ನಿಧಾನ. ನನಗೆ ಅದು ಮೂರು ತಿಂಗಳ ಬೆಳಗುಗಳು.

ಈಗಲೂ ಹಿಮ್ಮಡಿ ಕಡೆಯ ತಿರುವು ಬೆರಳಿನ ಕಡೆಯದ್ದಕ್ಕಿಂತ ಸೊರಗಿದೆ. ಆ ಕಡೆ ಕೂತ ಹಾಗೆ ವಾಲಬೇಕು. ಬೆನ್ನು ಬಗ್ಗಿದರೆ ಒತ್ತುವ ಬಲವೆಲ್ಲ ಸೋರಿಹೋಗುತ್ತದೆ. ಅದಕ್ಕೆ ಕೋನ್‌ಗಳನ್ನು ಒಂದೇ ಗೆರೆಯಲ್ಲಿ ಇಡದೆ, ಆ ಕಡೆಯವನ್ನು ಅರ್ಧ ಅಡಿ ಹೊರಗೆ ಸರಿಸಿ ಅಭ್ಯಾಸ ಮಾಡುತ್ತಿದ್ದೇನೆ. ತಿರುವು ದೊಡ್ಡದಾದಾಗ ಏಳಲು ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ.

ಹೋದ ಭಾನುವಾರ ಹುಡುಗ ತಾನೂ ಹತ್ತುತ್ತೇನೆ ಅಂದ. ನನ್ನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು ಕಳಿಸಿದೆ. ಪಕ್ಕದಲ್ಲಿ ಓಡುತ್ತಾ, ತಿರುವಿನ ಹೊಟ್ಟೆ ಬಂದಾಗಲೆಲ್ಲ ‘ಏಳು! ಏಳು!’ ಅಂತ ಕೂಗುತ್ತಿದ್ದೆ. ಅವನು ಮೂರನೇ ಕೋನ್ ಹತ್ತಿರ ಬೋರ್ಡಿಂದ ಇಳಿದು ನಿಂತ.

‘ಅಕ್ಕಾ, ಏಳಲ್ಲ, ಇನ್ನೂ ಮೂರು’ ಅಂದ.